ಎಡಗಡೆಯ ಹಳದಿ ಪಟ್ಟಿ

ನಮ್ಮ ಮನೆಯಲ್ಲಿ ಇಬ್ಬರಿಗೆ ಒಂದು ಸಣ್ಣ ಮಂಚವೇ ಸಾಕಾಗಿತ್ತು. ಒಟ್ಟಿಗೆ ಮಲಗಿದರಲ್ಲವೇ ಜಾಗ ಸಾಲದೆ ಬರುವುದು. ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ, ನಮ್ಮ ಯಜಮಾನರಿಗೆ ಬಸ್ ಡಿಪೊದಲ್ಲಿ ಹಗಲು ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಸಂಸಾರ. ಇಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಅನ್ನುವುದಕ್ಕೂ ಒಮ್ಮೆ ಜಗಳವಾಗಿದೆ.

ನಾವು ಸಿಗುತ್ತಿದ್ದದ್ದು ಬೆಳಿಗ್ಗೆ, ಬಾಗಿಲಲ್ಲಿ. ನಾನು ಚಪ್ಪಲಿ ಬಿಡುತ್ತಿದ್ದರೆ ಅವರು ಬೂಟಿಗೆ ಕಾಲು ತೂರಿಸುತ್ತಿದ್ದರು. ಆ ಒಂದಿಷ್ಟು ಹೊತ್ತಿನಲ್ಲಿ ಸಂಸಾರದ ಮಾತೆಲ್ಲ ಮುಗಿಯಬೇಕು.

"ಗ್ಯಾಸ್ ಮುಗೀತು," ಅನ್ನುತ್ತಿದ್ದರು.

"ನನ್ನ ಮುಖ ನೋಡಿದ ತಕ್ಷಣ ಗ್ಯಾಸ್ ನೆನಪಾಯ್ತಾ?"

"ಮತ್ತೇನು ನೆನಪಾಗ್ಬೇಕಿತ್ತು?"

"ಏನೂ ಬೇಡ. ಹೋಗಿ."

ಬಾಗಿಲು ಬಡಿದುಕೊಳ್ಳುತ್ತಿತ್ತು. ಒಂದು ದಿನ ನಾನು ಬಡಿದರೆ ಇನ್ನೊಂದು ದಿನ ಅವರು. ಎದುರುಮನೆಯ ಮುದುಕ ನಮ್ಮ ಬಾಗಿಲಿನ ಸದ್ದಿಗೇ ಎದ್ದು ಹಲ್ಲುಜ್ಜುತ್ತಿದ್ದ.

ಮಗಳು, ಪುಟ್ಟಿ, ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋಗುವ ದಿನ ತನ್ನ ಹಳೆಯ ಟ್ಯಾಬ್ ಅಡುಗೆಮನೆಯ ಮೇಜಿನ ಮೇಲಿಟ್ಟು ಹೋದಳು. ಅದರ ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. "ನೀವಿಬ್ರೂ ಬಾಯಿ ಬಿಟ್ರೆ ಜಗಳ. ಇದರಲ್ಲಿ ಆಟ ಹಾಕಿದೀನಿ. ಒಂದೇ ಊರು, ಒಂದೇ ಮನೆ. ಅಪ್ಪ ಸಂಜೆ ಬಂದು ಆಡ್ಲಿ, ನೀನು ಬೆಳಿಗ್ಗೆ ಮಲಗೋ ಮುಂಚೆ ಆಡು. ಬಾಯಿಗೆ ಕೆಲಸ ಇರಲ್ಲ."

"ಬಟ್ಟೆ ಒಗೆದು ಸುಸ್ತಾಗಿ ಬಂದು ಆಟ ಆಡ್ಲಾ? ನಿಮ್ಮಪ್ಪನ್ನ ಆಡಿಸೋದೇ ಸಾಕಾಗಿದೆ ನನಗೆ."

"ಆಡಮ್ಮ. ನೀನೇ ಬಿಡಲ್ಲ ನೋಡ್ತಿರು."

ಆ ಆಟವನ್ನು ನಾವು ಇಟ್ಟಿಗೆ ಆಟ ಅಂತಲೇ ಕರೆದದ್ದು. ಅದರಲ್ಲಿ ಎಲ್ಲವೂ ಚೌಕ. ಮಣ್ಣು ಚೌಕ, ಮರ ಚೌಕ, ಹಸುವನ್ನೂ ಅಚ್ಚಿನಲ್ಲಿ ಒತ್ತಿ ತೆಗೆದಂತೆ ಇತ್ತು. ಮೇಲೆ ಹುಟ್ಟುವ ಸೂರ್ಯನಿಗೂ ನಾಲ್ಕು ಮೂಲೆ. ಮೊದಲ ದಿನವೇ ನಾನು ಗುಂಡಿಗೆ ಬಿದ್ದು ಸತ್ತೆ. ಮರುದಿನ ಆಡಲು ಕುಳಿತರೆ ಆ ಗುಂಡಿಯ ಸುತ್ತ ಬೇಲಿ ಎದ್ದಿತ್ತು. ಬಾಗಿಲಲ್ಲಿ ಸಿಕ್ಕಾಗ ಅವರು ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಅವತ್ತು ಬಾಗಿಲು ಬಡಿಯಲಿಲ್ಲ.

ಬಾವುಟ ಮಾಡುವುದನ್ನು ಪುಟ್ಟಿ ಫೋನಿನಲ್ಲಿ ಹೇಳಿಕೊಟ್ಟಳು. ಕುರಿಯ ಉಣ್ಣೆ ಕತ್ತರಿಸಿ, ಒಂದು ಕೋಲು ಸೇರಿಸಿದರೆ ಬರಿಯ ಬಾವುಟ. ಆಮೇಲೆ ಅದನ್ನು ಮಗ್ಗಕ್ಕೆ ಹಾಕಿ ಬಣ್ಣದ ನಕ್ಷೆ ಕೂರಿಸಬೇಕು. ಬಣ್ಣವನ್ನೂ ನಾವೇ ಮಾಡಿಕೊಳ್ಳಬೇಕು. ಹಳದಿ ಹೂವು ಕಿತ್ತರೆ ಹಳದಿ, ಕೆಂಪು ಹೂವು ಕಿತ್ತರೆ ಕೆಂಪು, ಮೂಳೆ ಅರೆದರೆ ಬಿಳಿ. ಕಪ್ಪಿಗೆ ಮಾತ್ರ ನೀರಿಗಿಳಿದು ಜೋಲುಕಾಲಿನ ಒಂದು ಜಲಚರವನ್ನು ಹೊಡೆದು ಅದರ ಮಸಿ ತರಬೇಕು. ಪಟ್ಟಿ, ಚುಕ್ಕಿ, ಬಾವುಟದ ಅರ್ಧ ಭಾಗ ಮುಚ್ಚುವ 'ಅರ್ಧ', ಅಂಚು, ಹೀಗೆ ಒಂದರ ಮೇಲೊಂದು ಹಾಕುತ್ತಾ ಹೋಗಬಹುದು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲ ಇರುವುದು. ನಾನು ಚುಕ್ಕಿ ಹಾಕಿ ಆಮೇಲೆ ಅರ್ಧ ಹಾಕಿದೆ, ಅರ್ಧ ಚುಕ್ಕಿಯನ್ನು ನುಂಗಿತು. ತಪ್ಪಾದರೆ ನೀರು ತುಂಬಿದ ಹಂಡೆಯಲ್ಲಿ ಅದ್ದಬೇಕು. ಅದ್ದಿದರೆ ಕೊನೆಗೆ ಹಾಕಿದ್ದು ಮಾತ್ರ ಹೋಗುತ್ತದೆ, ಅದರ ಕೆಳಗಿನದು ಉಳಿಯುತ್ತದೆ. ಲಾಂಡ್ರಿಯಲ್ಲಿ ಹಾಗೆ ಕಲೆ ಹೋಗುವುದಿದ್ದರೆ ನಾನು ಇಷ್ಟು ಬೇಗ ಮುದುಕಿಯಾಗುತ್ತಿರಲಿಲ್ಲ.

ಆಟದ ಮನೆಯ ಮುಂದೆ ಎರಡು ಬಾವುಟ. ಎಡಕ್ಕೆ ಅವರದು, ಬಲಕ್ಕೆ ನನ್ನದು. ಬರಬರುತ್ತಾ ಅವು ಮಾತಾಡತೊಡಗಿದವು. ನೀಲಿ ಅರ್ಧ ಬಂದರೆ ನಲ್ಲಿಯಲ್ಲಿ ನೀರಿಲ್ಲ, ತುಂಬಿಸಿಡು ಅಂತ. ಹಳದಿ ಚುಕ್ಕಿ ಅಂದರೆ ಪಾತ್ರೆಯಲ್ಲಿ ಊಟ ಇದೆ. ಹಸಿರು ಪಟ್ಟಿ ಅಂದರೆ ಇವತ್ತು ಬೇಗ ಹೊರಟೆ, ಬಾಗಿಲಲ್ಲಿ ಕಾಯಬೇಡ. ಕೆಂಪು ಚುಕ್ಕಿ ಅಂದರೆ ಸಿಟ್ಟು, ಅದು ಹೆಚ್ಚಾಗಿ ನನ್ನದೇ. ಹೇಳಿದ ಕೆಲಸ ಮುಗಿದ ಮೇಲೆ ಮಾಡಿದವರು ಆ ನಕ್ಷೆಯನ್ನು ಹಂಡೆಯಲ್ಲಿ ತೊಳೆದುಬಿಡುವುದು ರೂಢಿ. ಬರಿಯ ಬಾವುಟ ಕಂಡರೆ ಮನೆಯಲ್ಲಿ ಕೆಲಸ ಬಾಕಿ ಇಲ್ಲ ಅಂತ ಅರ್ಥ. ಗ್ಯಾಸ್ ಮುಗಿದಾಗ ಅವರು ಬೂದಿ ಬಣ್ಣದ ತ್ರಿಕೋನ ಹಾಕಿದರು. ನಾನು ಸಿಲಿಂಡರ್ ತರಿಸಿ ತೊಳೆದೆ. ಒಂದು ಮಾತೂ ಇಲ್ಲ, ಜಗಳವೂ ಇಲ್ಲ. ಇಷ್ಟು ವರ್ಷ ನಾಲಿಗೆ ಇಟ್ಟುಕೊಂಡು ಕೆಟ್ಟೆವಲ್ಲ ಅನ್ನಿಸಿತು.

ಅವರು ಡಿಪೊದಲ್ಲಿ ಬಸ್ಸಿನ ಸೀಟು ಹೊಲಿಯುವವರು. ರೆಕ್ಸಿನ್, ಸ್ಪಂಜು, ಅಂಚಿಗೆ ದಾರ ತುಂಬಿದ ಪೈಪಿಂಗ್, ಇದೇ ಅವರ ಪ್ರಪಂಚ. ಯಾರ ಮನೆಗೆ ಹೋದರೂ ಮೊದಲು ಕುರ್ಚಿ ತಿರುಗಿಸಿ ಹೊಲಿಗೆ ನೋಡುತ್ತಾರೆ. ಅದಕ್ಕೇ ಅವರ ಬಾವುಟಗಳು ಯಾವಾಗಲೂ ಅಚ್ಚುಕಟ್ಟು. ನೀರಿಲ್ಲ ಅನ್ನುವುದಕ್ಕೂ ಸುತ್ತ ಒಂದು ಬಿಳಿ ಅಂಚು. ನನ್ನವು ಅವಸರದವು. ಪಾಳಿ ಮುಗಿಸಿ ಬಂದವಳು ಅಂಚು ಕಟ್ಟುತ್ತಾ ಕೂರುತ್ತಾಳೆಯೇ.

ಹೀಗಿರುವಾಗ ಲಾಂಡ್ರಿಯ ರಾತ್ರಿ ಇನ್‌ಚಾರ್ಜಮ್ಮ ನಿವೃತ್ತಿಯಾಗುವ ಹೊತ್ತು ಬಂತು. ನನ್ನನ್ನು ಕರೆದರು.

"ನನ್ನ ಜಾಗಕ್ಕೆ ನಿನ್ನ ಹೆಸರು ಹೇಳ್ತೀನಿ. ಖಾಯಂ ರಾತ್ರಿ. ಟ್ರಾಲಿ ಲೆಕ್ಕ ಇಟ್ಕೊಂಡು ಕುರ್ಚಿ ಮೇಲೆ ಕೂತಿರೋದು, ಅಷ್ಟೇ. ಬೇಡ ಅಂದ್ರೆ ಹಗಲಿಗೆ ಬಿಡ್ತಾರೆ, ಆದ್ರೆ ಹಗಲಲ್ಲಿ ಒದ್ದೆ ಕಡೆ. ನಿನ್ನ ಬೆನ್ನು ನಿನಗೆ ಗೊತ್ತು. ಶನಿವಾರದೊಳಗೆ ಹೇಳು."

ಒದ್ದೆ ಕಡೆ ಅಂದರೆ ಏನೆಂದು ಮಾಡಿದವರಿಗೇ ಗೊತ್ತು. ಯಂತ್ರದಿಂದ ಹಸಿ ಹಾಸಿಗೆಬಟ್ಟೆಗಳನ್ನು ಎಳೆದು ಟ್ರಾಲಿಗೆ ಹಾಕಬೇಕು. ನೆನೆದ ಒಂದು ಗಂಟು ಸತ್ತ ಮನುಷ್ಯನಷ್ಟು ಭಾರ. ನನ್ನ ಬೆನ್ನು ಈಗಾಗಲೇ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಕುರ್ಚಿ ಸಿಗುವುದು ಸುಖವೇ. ಆ ಕುರ್ಚಿಯ ಸೀಟು ಹರಿದು ಒಳಗಿನ ಮೊಳೆ ಚುಚ್ಚುತ್ತಿತ್ತು, ಅದು ಬೇರೆ ಮಾತು. ಆದರೆ ಖಾಯಂ ರಾತ್ರಿ ಅಂದರೆ ಖಾಯಂ ಬಾಗಿಲು. ಇವರು ಬೂಟು ಹಾಕುವುದು, ನಾನು ಚಪ್ಪಲಿ ಬಿಡುವುದು, ಇಬ್ಬರಲ್ಲಿ ಒಬ್ಬರ ಕೆಲಸ ಮುಗಿಯುವವರೆಗೆ.

ಮರುದಿನ ಬೆಳಿಗ್ಗೆ ಹೇಳಿದೆ.

"ಇನ್‌ಚಾರ್ಜಮ್ಮ ಖಾಯಂ ರಾತ್ರಿ ಇರ್ತೀಯಾ ಅಂತ ಕೇಳ್ತಿದಾರೆ. ಕುರ್ಚಿ ಕೆಲಸ. ಬೇಡ ಅಂದ್ರೆ ಹಗಲು, ಒದ್ದೆ ಕಡೆ."

ಅವರು ಲೇಸು ಕಟ್ಟುತ್ತಾ ತಲೆ ಎತ್ತಲಿಲ್ಲ. "ಕುರ್ಚಿ ಚೆನ್ನಾಗಿದ್ಯಾ?"

"ಮೊಳೆ ಚುಚ್ಚುತ್ತೆ. ನಾನು ಕುರ್ಚಿ ವಿಷಯ ಕೇಳಿದ್ನಾ?"

"ನಿನ್ನ ಬೆನ್ನು, ನಿನ್ನ ಕೆಲಸ. ನಾನೇನು ಹೇಳ್ಲಿ?"

"ಹೌದು ಬಿಡಿ. ನೀವೇನು ಹೇಳ್ತೀರ."

ಬಾಗಿಲು ಬಡಿದವಳು ನಾನೇ.

ನನಗೆ ಬೇಕಾಗಿದ್ದದ್ದು ಒಂದೇ ಮಾತು. ಹಗಲಿಗೆ ಬಾ ಅಂತ. ಬೆನ್ನು ಮುರಿದರೂ ಸರಿ, ಅವರು ಅಂದಿದ್ದರೆ ಹೋಗುತ್ತಿದ್ದೆ. ನೀನು ಮನೆಯಲ್ಲಿ ಇರಬೇಕು ಅಂತ ಯಾರಾದರೂ ಅನ್ನಬೇಕಲ್ಲ. ಅದನ್ನು ಬಾಯಿಬಿಟ್ಟು ಕೇಳಲು ನನಗೆ ಬರುವುದಿಲ್ಲ. ಕೇಳಿ ಪಡೆದರೆ ಅದಕ್ಕೆ ಬೆಲೆ ಏನಿದೆ. ಮಲಗಿದೆ, ನಿದ್ದೆ ಬರಲಿಲ್ಲ.

ನಮ್ಮ ಕೋಣೆಯ ಕಿಟಕಿಗೆ ಅವರೇ ಬಸ್ಸಿನ ಕರಿ ರೆಕ್ಸಿನ್ ಹೊಲಿದು ಪರದೆ ಹಾಕಿದ್ದರು, ನನಗೆ ಹಗಲು ನಿದ್ದೆ ಬರಲಿ ಅಂತ. ಅದರ ಎಡಗಡೆ ಒಂದು ಸಂದಿ. ಬಿಸಿಲೇರಿದ ಮೇಲೆ ಅಲ್ಲಿಂದ ಒಂದು ಹಳದಿ ಗೆರೆ ಬಂದು ಮಂಚದ ಮೇಲೆ, ಅವರ ದಿಂಬಿನ ಮೇಲೆ ಬೀಳುತ್ತಿತ್ತು. ಸಂದಿಯಿದೆ, ನಿದ್ದೆ ಕೆಡುತ್ತೆ ಅಂತ ಎಷ್ಟೋ ಸಲ ಗೊಣಗಿದ್ದೇನೆ. ಗೊಣಗುವುದು ನನ್ನ ಸ್ವಭಾವ. ಆದರೆ ಆ ಗೆರೆ ಇಲ್ಲದಿದ್ದರೆ ಆ ಕೋಣೆ ಗುಹೆ. ಕಣ್ಣು ಬಿಟ್ಟಾಗ ಹೊರಗೆ ಹಗಲು ಇದೆ, ಜನ ಓಡಾಡುತ್ತಿದ್ದಾರೆ, ಈ ಮನುಷ್ಯ ಎಲ್ಲೋ ಸೀಟು ಹೊಲಿಯುತ್ತಿದ್ದಾನೆ ಅನ್ನುವುದಕ್ಕೆ ಇದ್ದ ಗುರುತು ಅದೊಂದೇ.

ಎದ್ದು ಅಡುಗೆಮನೆಗೆ ಹೋಗಿ ಟ್ಯಾಬ್ ತೆಗೆದೆ. ಕರಿ ಉಣ್ಣೆ ಇರಲಿಲ್ಲ. ಕೆರೆಗಿಳಿದೆ, ಮಸಿ ತಂದೆ, ಮಧ್ಯದಲ್ಲಿ ಒಂದು ಸಲ ಮುಳುಗಿ ಸತ್ತೆ. ಮತ್ತೆ ಇಳಿದೆ. ಕಪ್ಪು ಬಾವುಟ ಮಾಡಿ ಮಗ್ಗಕ್ಕೆ ಹಾಕಿದೆ. ಹಳದಿ ಹೂವು ಅರೆದು ಎಡಗಡೆ ಮೇಲಿನಿಂದ ಕೆಳಗೆ ಒಂದೇ ಒಂದು ಪಟ್ಟಿ ಎಳೆದೆ. ಅಷ್ಟೇ. ಕತ್ತಲೆ, ಅದರ ಪಕ್ಕದಲ್ಲಿ ಸ್ವಲ್ಪ ಹಗಲು. ಹಗಲಿಗೆ ಬರಲಾ ಅಂತ ಕೇಳಿದ್ದು. ಇದಕ್ಕಿಂತ ಚೆನ್ನಾಗಿ ನನಗೆ ಬಾಯಲ್ಲೂ ಕೇಳಲು ಬರುತ್ತಿರಲಿಲ್ಲ. ಬಲಗಡೆ ನೆಟ್ಟು ಮಲಗಿದೆ, ಸಂಜೆ ಪಾಳಿಗೆ ಹೋದೆ.

ಬೆಳಿಗ್ಗೆ ಬಂದರೆ ಬಾಗಿಲಲ್ಲಿ ಅವರಿಲ್ಲ. ಟ್ಯಾಬ್ ತೆಗೆದೆ. ಅವರ ಬಾವುಟದಲ್ಲಿ ಹಸಿರು ಪಟ್ಟಿ, ಬೇಗ ಹೋಗಿದ್ದಾರೆ. ನನ್ನ ಬಾವುಟ ನೋಡಿದೆ. ಹಳದಿ ಪಟ್ಟಿ ಇರಲಿಲ್ಲ. ತೊಳೆದಿದ್ದರು. ಬರಿಯ ಕಪ್ಪು, ಅದರ ಸುತ್ತ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಬಿಳಿ ಅಂಚು. ಸೀಟಿಗೆ ಪೈಪಿಂಗ್ ಕೊಟ್ಟಹಾಗೆ.

ಕುಳಿತಲ್ಲೇ ಕುಳಿತಿದ್ದೆ. ಗ್ಯಾಸಿನ ತ್ರಿಕೋನ ತೊಳೆದ ಹಾಗೆ ನನ್ನನ್ನೂ ತೊಳೆದು ಮುಗಿಸಿದ್ದರು. ಸಾಲದ್ದಕ್ಕೆ ಅಂಚು ಬೇರೆ. ಕೋಣೆಗೆ ಹೋದೆ. ಕತ್ತಲೆ. ಬಿಸಿಲೇರುವವರೆಗೆ ಕಾದರೂ ಗೆರೆ ಬೀಳಲಿಲ್ಲ. ಕೈಯಾಡಿಸಿ ನೋಡಿದರೆ ಪರದೆಯ ಎಡ ಅಂಚನ್ನು ಚೌಕಟ್ಟಿಗೆ ಸಾಲಾಗಿ ಮೊಳೆ ಹೊಡೆದು ಕೂರಿಸಿದ್ದರು. ಬಾವುಟದಲ್ಲೂ ಮುಚ್ಚಿದರು, ಕಿಟಕಿಯಲ್ಲೂ ಮುಚ್ಚಿದರು. ನಿನ್ನ ರಾತ್ರಿಯಲ್ಲೇ ಬಿದ್ದಿರು ಅಂತ ಇನ್ನು ಹೇಗೆ ಹೇಳಬೇಕು.

ಅವತ್ತು ಎಂಥ ನಿದ್ದೆ ಬಂತು ಅಂತೀರಿ. ಆ ಕತ್ತಲೆಯಲ್ಲಿ ಕಲ್ಲು ಬಿದ್ದಹಾಗೆ ಮಲಗಿದೆ. ಅದಕ್ಕೂ ಸಿಟ್ಟು ಬಂತು.

ಸಂಜೆ ಹೋದವಳೇ ಕೈಚೀಲ ಇಡುವ ಮೊದಲು ಇನ್‌ಚಾರ್ಜಮ್ಮನಿಗೆ ಹೇಳಿದೆ. "ರಾತ್ರಿಗೇ ನನ್ನ ಹೆಸರು ಕೊಡಿ."

"ಶನಿವಾರದವರೆಗೆ ಟೈಮ್ ಇದೆ. ಮನೇಲಿ ಕೇಳಿದ್ಯಾ?"

"ಕೇಳಿದೆ. ಉತ್ತರ ಬಂತು."

ಪಕ್ಕದಲ್ಲಿ ದಿಂಬಿನ ಚೀಲ ಎಣಿಸುತ್ತಿದ್ದ ರೇಡಿಯೋ ಕಿವಿ ನಿಮಿರಿಸಿದಳು. ಅವಳ ನಿಜವಾದ ಹೆಸರು ಲಾಂಡ್ರಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು ಸುದ್ದಿ ಅವಳ ಕಿವಿಗೆ ಬಿದ್ದರೆ ಟ್ರಾಲಿ ಮೇಲಿನ ವಾರ್ಡಿಗೆ ಹೋಗುವ ಮೊದಲು ಸುದ್ದಿ ಹೋಗಿರುತ್ತದೆ.

"ಅಕ್ಕ ಇನ್ಮೇಲೆ ಕುರ್ಚಿ ಮೇಲೆ," ಅಂದಳು. "ನಮ್ಮನ್ನ ಬೈಯೋಕೆ ಎದ್ದು ಬರೋದೂ ಬೇಡ."

"ನಿನ್ನ ಬೈಯೋಕೆ ನಾನು ಮಲಗಿದ್ರೂ ಏಳ್ತೀನಿ. ಎಣಿಸು."

ಬೆಳಿಗ್ಗೆ ಮನೆಗೆ ಬಂದಾಗ ಬಾಗಿಲಲ್ಲಿ ಅವರಿದ್ದರು. ಬೂಟು ಹಾಕಿ ಮುಗಿದಿತ್ತು, ಆದರೂ ಹೊರಟಿರಲಿಲ್ಲ. ಮುಖದಲ್ಲಿ ಒಂದು ತರಹದ ಸಂತೋಷ. ಒಳ್ಳೆಯ ಹೊಲಿಗೆ ಹಾಕಿದಾಗ ಬರುವ ಸಂತೋಷ ಅದು, ನನಗೆ ಗೊತ್ತು.

"ನೋಡಿದ್ಯಾ? ನಿದ್ದೆ ಬಂತಾ?"

"ಏನು ನೋಡ್ಬೇಕು?"

"ಪರದೆ. ಅದೇ, ಬಾವುಟದಲ್ಲಿ ಹಾಕಿದ್ಯಲ್ಲ, ಎಡಗಡೆ ಸಂದಿಯಿಂದ ಬೆಳಕು ಬರ್ತಿದೆ ಅಂತ. ನೋಡಿದ ತಕ್ಷಣ ಗೊತ್ತಾಯ್ತು. ಬೆಳಕು ಹರಿಯೋ ಮುಂಚೆ ಎದ್ದು ಮೊಳೆ ಹೊಡೆದೆ. ಮುಗೀತು ಅಂತ ತೊಳೆದೂಬಿಟ್ಟೆ. ಪಾಪ ನೀನು ಸುಸ್ತಾಗಿ ಅಂಚು ಕಟ್ಟದೆ ಬಿಟ್ಟಿದ್ದೆ, ಅದನ್ನೂ ಕಟ್ಟಿದೆ."

ನನ್ನ ಕೈಯಲ್ಲಿ ಚಪ್ಪಲಿ ಹಾಗೇ ಇತ್ತು. ಒಂದು ಕಾಲಿನದು ಬಿಟ್ಟಿದ್ದೆ, ಇನ್ನೊಂದು ಕೈಯಲ್ಲಿ.

"ಅದು ಪರದೆ ಅಲ್ಲ," ಅಂದೆ.

"ಮತ್ತೆ?"

"ಹಗಲಿಗೆ ಬರ್ಲಾ ಅಂತ ಕೇಳಿದ್ದು. ನೀವು ತೊಳೆದು ಅಂಚು ಕಟ್ಟಿದ್ರಿ. ನಾನು ನಿನ್ನೆ ಹೋಗಿ ಖಾಯಂ ರಾತ್ರಿಗೆ ಒಪ್ಕೊಂಡು ಬಂದೆ."

ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಎದುರುಮನೆಯ ಮುದುಕ ಕೂಡ ಕಾಯುತ್ತಿದ್ದನೋ ಏನೋ. ಅವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು, ಬೂಟುಕಾಲು ಹೊರಗೆ ಚಾಚಿ.

"ಬಾಯಲ್ಲಿ ಕೇಳಬಾರದಾಗಿತ್ತಾ?"

"ಬಾಯಲ್ಲಿ ಹೇಳಿದಾಗ ನನ್ನ ಬೆನ್ನು ನನ್ನ ಕೆಲಸ ಅಂದ್ರಿ."

"ಇನ್ನೇನು ಅನ್ಲಿ ಕಣೆ. ಹಗಲಿಗೆ ಬಾ ಅನ್ನೋದು, ನೀನು ಒದ್ದೆ ಗಂಟು ಎತ್ತೋದು. ರಾತ್ರಿ ಇರು ಅನ್ನೋದು, ನಾನು ಈ ಮನೇಲಿ ಒಬ್ನೇ ಉಣ್ಣೋದು. ಯಾವುದನ್ನ ಬಾಯಿಬಿಟ್ಟು ಹೇಳ್ಲಿ? ನನಗೆ ನೀನು ಮನೇಲಿರೋದು ಬೇಡ ಅಂತಾನಾ?"

ಇಷ್ಟು ಉದ್ದ ಅವರು ಒಂದೇ ಉಸಿರಿಗೆ ಮಾತಾಡಿದ್ದು ಪುಟ್ಟಿ ಹುಟ್ಟಿದಾಗ ಇರಬೇಕು. ಪಕ್ಕದಲ್ಲಿ ಕುಳಿತೆ. ಕುಳಿತದ್ದಕ್ಕೆ ಬೆನ್ನು ಹಿಡಿಯಿತು. ಅವರ ಬಸ್ಸು ಬೀದಿಯ ತುದಿಗೆ ಬಂದು ಹೋಯಿತು. ಅವರು ಏಳಲಿಲ್ಲ. ಮುಂದಿನದಕ್ಕೆ ಹೋದರು.

ಸಂಜೆ ಇನ್‌ಚಾರ್ಜಮ್ಮನ ಮುಂದೆ ನಿಂತೆ. ಹೆಸರು ವಾಪಸು ತಗೊಳ್ಳಿ ಅಂದೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬೆಳಿಗ್ಗೆಯೇ ಹೆಸರು ಮೇಲೆ ಕಳಿಸಿದೆ, ಅವರು ಹೂಂ ಅಂದೂ ಆಯ್ತು. ನಿನಗೇನು ತಲೆ ಕೆಟ್ಟಿದ್ಯಾ?"

"ಕೆಟ್ಟಿತ್ತು. ಈಗ ಸರಿಯಾಗಿದೆ."

"ನಾನು ಹೋಗೋ ಹೊತ್ತಲ್ಲಿ ನನ್ನ ಮರ್ಯಾದೆ ತೆಗೀಬೇಡ." ಆಮೇಲೆ ನನ್ನ ಮುಖ ನೋಡಿ ದನಿ ಸ್ವಲ್ಪ ಇಳಿಸಿದರು. "ಹಗಲು ಬಟ್ಟೆ ಮಡಿಸೋ ಕಡೆ ಜಾಗ ಖಾಲಿ ಬೀಳುತ್ತೆ ಯಾವಾಗಲಾದ್ರೂ. ಅಲ್ಲಿ ಎತ್ತೋ ಕೆಲಸ ಇಲ್ಲ. ಬಿದ್ದಾಗ ಮೊದ್ಲು ನಿನ್ನನ್ನೇ ಕೇಳಿ ಅಂತ ಹೇಳಿ ಹೋಗ್ತೀನಿ. ಅಲ್ಲೀತನಕ ಕೂತ್ಕೋ."

"ಮೊಳೆ ಮೇಲೆ."

"ನಾನೇನು ಹೂವಿನ ಮೇಲೆ ಕೂತಿದ್ನಾ ಇಷ್ಟು ವರ್ಷ?"

ಮಡಿಸುವ ಕಡೆಯವರು ಸಾಯುವವರೆಗೆ ಜಾಗ ಬಿಡುವುದಿಲ್ಲ ಅಂತ ರೇಡಿಯೋ ಹೇಳಿದಳು, ಕೇಳದಿದ್ದರೂ.

ಆ ವಾರವೆಲ್ಲ ಮನೆಯಲ್ಲಿ ಮಾತು ಕಡಿಮೆ. ಸಿಟ್ಟು ಅಂತಲ್ಲ. ಆಡಿದ್ದೇ ಜಾಸ್ತಿಯಾಗಿ ಇಬ್ಬರಿಗೂ ಸುಸ್ತಾಗಿತ್ತು. ಅವರು ದಿನವೂ ತಡವಾಗಿ ಬರುತ್ತಿದ್ದರೋ ಏನೋ, ಮಾಡಿಟ್ಟ ಊಟ ಅರ್ಧಂಬರ್ಧ ಉಳಿದಿರುತ್ತಿತ್ತು. ಆಟದಲ್ಲಿ ಅವರ ಬಾವುಟ ಬರಿದಾಗಿಯೇ ಇತ್ತು. ನಾನು ನನ್ನದನ್ನು ಕಿತ್ತು ಪೆಟ್ಟಿಗೆಯಲ್ಲಿ ಹಾಕಿದೆ. ಮತ್ತೆ ಹಳದಿ ಪಟ್ಟಿ ಎಳೆಯಲು ಹೂವು ಕೀಳುವ ಮನಸ್ಸೂ ಬರಲಿಲ್ಲ. ಪುಟ್ಟಿ ಫೋನಿನಲ್ಲಿ, "ಆಡ್ತಿದೀರಾ ಇಬ್ರೂ?" ಅಂದಳು. "ಆಡ್ತಿದೀವಿ, ನೀನು ಓದು," ಅಂದೆ. ಪರದೆಯ ಮೊಳೆ ಕೀಳಲು ಒಂದು ದಿನ ಚಾಕು ತೆಗೆದುಕೊಂಡು ಹೋದೆ. ಅಷ್ಟು ನೇರವಾಗಿ, ಅಷ್ಟು ಒತ್ತೊತ್ತಾಗಿ ಹೊಡೆದಿದ್ದರು. ಬೆಳಕು ಹರಿಯುವ ಮೊದಲು, ಕಣ್ಣುಜ್ಜಿಕೊಂಡು, ನಾನು ನಿದ್ದೆ ಮಾಡಲಿ ಅಂತ. ಕೀಳಲಿಲ್ಲ.

ಕುರ್ಚಿಯಲ್ಲಿ ಕೂರಬೇಕಾದ ಮೊದಲ ಸಂಜೆ ಬಂತು. ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ಬಂದರೆ ಅವರು ನಿಂತಿದ್ದಾರೆ, ಡಿಪೊದ ಅಂಗಿಯಲ್ಲೇ, ಕಂಕುಳಲ್ಲಿ ಒಂದು ದೊಡ್ಡ ಚೀಲ. ಆ ಹೊತ್ತಿನಲ್ಲಿ, ಆ ಬೆಳಕಿನಲ್ಲಿ ಅವರನ್ನು ನೋಡಿ ಎಷ್ಟು ಕಾಲವಾಗಿತ್ತೋ. ಬೆಳಿಗ್ಗೆ ಕಾಣುವುದಕ್ಕಿಂತ ವಯಸ್ಸಾದವರಂತೆ ಕಂಡರು. ನಾನೂ ಅವರಿಗೆ ಹಾಗೇ ಕಂಡಿರಬೇಕು.

"ಯಾಕೆ ಬಂದ್ರಿ? ಏನಾಯ್ತು?"

"ಏನಾಗ್ಬೇಕು. ತಗೋ."

"ಏನಿದು?"

"ಹೋಗಿ ನೋಡು. ಬಸ್ಸು ಬಂತು ನಂದು."

ಬಸ್ಸು ಬಂದಿರಲಿಲ್ಲ. ಆದರೂ ಹೋದರು.

ಒಳಗೆ ಯಂತ್ರಗಳು ಆಗಲೇ ತಿರುಗುತ್ತಿದ್ದವು. ಸೋಪಿನ ಹಬೆ, ಟ್ರಾಲಿಗಳ ಗಡಗಡ. ನನ್ನ ಮೇಜಿನ ಹತ್ತಿರ ಚೀಲ ಬಿಚ್ಚಿದೆ. ಒಂದು ಸೀಟು. ಕುರ್ಚಿಯ ಅಳತೆಗೆ ಸರಿಯಾಗಿ, ಬೆನ್ನಿನ ಕಡೆ ದಪ್ಪ, ಮುಂದೆ ತೆಳು. ಈ ಅಳತೆ ಇವರಿಗೆ ಯಾರು ಕೊಟ್ಟರೋ, ಯಾವಾಗ ಬಂದು ನೋಡಿ ಹೋದರೋ. ಕರಿ ರೆಕ್ಸಿನ್. ಮೂರು ಕಡೆ ಪೈಪಿಂಗ್ ಇಲ್ಲ, ಬರಿಯ ಹೊಲಿಗೆ. ಎಡಗಡೆ ಮಾತ್ರ ಹಿಂದಿನಿಂದ ಮುಂದಕ್ಕೆ ಹಳದಿಯ ಒಂದೇ ಪಟ್ಟಿ.

ಇಷ್ಟು ವರ್ಷದಲ್ಲಿ ಅವರು ಒಂದು ಕಡೆ ಮಾತ್ರ ಪೈಪಿಂಗ್ ಕೊಟ್ಟ ಸೀಟು ಹೊಲಿದದ್ದಿಲ್ಲ. ಬೇರೆಯವರು ಹೊಲಿದರೆ ಬಿಚ್ಚಿಸಿ ಮತ್ತೆ ಹೊಲಿಸುವ ಮನುಷ್ಯ.

ಮೊಳೆಯ ಮೇಲೆ ಅದನ್ನು ಹಾಕಿ ಕುಳಿತೆ. ಬೆನ್ನು ಒರಗಿತು. ಮುಂದೆ ಸಾಲಾಗಿ ಟ್ರಾಲಿಗಳು, ಇಡೀ ರಾತ್ರಿಯ ಕೊಳೆ.

ರೇಡಿಯೋ ದಿಂಬಿನ ಚೀಲ ಹೊತ್ತು ಬಂದವಳು ಬಗ್ಗಿ ನೋಡಿದಳು. "ಭಾವ ಹೊಲಿದದ್ದಾ ಅಕ್ಕ? ಚೆನ್ನಾಗಿದೆ. ಮೂರು ಕಡೆ ಅಂಚು ಕೊಡೋಕೆ ಮರ್ತಿದಾರೆ ನೋಡಿ."

"ಮರ್ತಿಲ್ಲ," ಅಂದೆ.

"ಮತ್ತೆ?"

"ನಿನಗ್ಯಾಕೆ. ಚೀಲ ಎಣಿಸು."